ಉಪಕಾರಸ್ಮರಣೆ

ಪಾಠ: ಲೂಕ 17:11-19

ಶುದ್ಧರಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಉಪಕಾರವನ್ನು ನೆನೆದು ತಿರುಗಿ ಬಂದವನು ಒಬ್ಬನೇ. ಅವನೂ ಅನ್ಯನೆನಿಸಿದ ಸಮಾರ್ಯದವನು.

ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟರ್ ಇವಾ ಲೊಂಬಾರ್ಡ್ ಅಮ್ಮನವರು 1923ರಲ್ಲಿ ಉಡುಪಿಯಲ್ಲಿ ಮಿಶನ್ ಆಸ್ಪತ್ರೆಯನ್ನು ಸ್ಥಾಪಿಸಿದರು. ಅವರ ಹೆಸರನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಪರದೇಶದ ವೈದ್ಯರಿಗೆ ರೋಗಿಯ ನುಡಿಯನ್ನು ತಿಳಿಸಿಕೊಡುವವರೂ ರಾತ್ರಿ ದೀಪ ಹಿಡಿಯುವವರೂ ಊರವರೇ. ಅಂಥವರಿಲ್ಲದೆ ಔಷಧವು ರೋಗಿಯನ್ನು ಮುಟ್ಟದು.

ಸುಬ್ರಹ್ಮಣ್ಯದ ಕಡೆ ಮಳೆಗಾಲದಲ್ಲಿ ಕುಮಾರಧಾರೆಯು ತುಂಬಿ ಹರಿಯುವುದನ್ನು ಬಲ್ಲೆವಷ್ಟೆ. ಅಂಥ ದಿನ ನಮ್ಮ ರೋಗಿಯನ್ನು ಹೊತ್ತು ದಾಟಿಸಿದ ನೆರೆಯವನು ನಮ್ಮ ಸಭೆಯವನಲ್ಲದೆ ಇರಬಹುದು. ವೈದ್ಯರಿಗೆ ಕೈಮುಗಿದು ಅವನನ್ನು ಮರೆತರೆ ನಾವೂ ಆ ಒಂಬತ್ತು ಮಂದಿಯೊಳಗಿನವರೇ. ಪ್ರಿಯರೇ, ಈ ವಾರವೇ ಅವನ ಮನೆಗೆ ಹೋಗಿ ಅವನ ಉಪಕಾರವನ್ನು ಬಾಯಿಬಿಟ್ಟು ಹೇಳೋಣ.