ಹೊರರಾಜ್ಯದಲ್ಲಿ ಬಾಡಿಗೆ ಮನೆ: ಊರು ಆರಿಸುವ ಲೆಕ್ಕ

ಕ್ಯಾಲಿಫೋರ್ನಿಯಾದ ಸನಿವೇಲ್, ಫ್ರೀಮಾಂಟ್ ಕಡೆ ಬಾಡಿಗೆಗೆ ಕೊಡಲೆಂದೇ ಎರಡನೆಯ ಮನೆ ಕೊಂಡರೆ, ಬರುವ ಬಾಡಿಗೆ ಸಾಮಾನ್ಯವಾಗಿ ಸಾಲದ ಬಡ್ಡಿಗೂ ಸಾಲದು. ಹಾಗಾಗಿ ಅಲ್ಲಿನ ಕನ್ನಡ ಕುಟುಂಬಗಳೂ ಸೇರಿ ಅನೇಕರು ಟೆಕ್ಸಸ್, ಒಹಾಯೋ, ಇಂಡಿಯಾನಾಗಳತ್ತ ಕಣ್ಣು ಹಾಯಿಸುತ್ತಾರೆ.

ಊರು ಆರಿಸುವಾಗ ಮೊದಲು ಬಳಸುವ ಜರಡಿ ಬೆಲೆ ಮತ್ತು ಬಾಡಿಗೆಯ ಅನುಪಾತ. ತಿಂಗಳ ಬಾಡಿಗೆ ಬೆಲೆಯ ಶೇ 1ರಷ್ಟಾದರೂ ಇರಲಿ, ಅಂದರೆ 2 ಲಕ್ಷ ಡಾಲರಿನ ಮನೆಗೆ 2,000 ಡಾಲರ್ ಬರಲಿ ಎಂಬುದು ಹೂಡಿಕೆದಾರರ ಬಾಯಲ್ಲಿರುವ ಸೂತ್ರ. ಇದನ್ನು ಸಲೀಸಾಗಿ ದಾಟುವ ಊರು ಸಿಕ್ಕರೆ ಬೆಲೆ ಅಷ್ಟು ಕಡಿಮೆ ಏಕಿದೆ ಎಂದು ಕೇಳಲೇಬೇಕು. ಉದಾಹರಣೆಗೆ, ಒಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ 1950ರಲ್ಲಿ 9 ಲಕ್ಷಕ್ಕೂ ಹೆಚ್ಚು ಜನರಿದ್ದರು. 2020ರ ಜನಗಣತಿಯಲ್ಲಿ ಉಳಿದವರು ಸುಮಾರು 3.72 ಲಕ್ಷ. ಅದೇ ಒಹಾಯೋದ ಕೊಲಂಬಸ್ 9 ಲಕ್ಷ ದಾಟಿ ಬೆಳೆದಿದೆ. ರಾಜಧಾನಿಯ ಸರ್ಕಾರಿ ಕಚೇರಿಗಳು, ದೊಡ್ಡ ವಿಶ್ವವಿದ್ಯಾಲಯ, ವಿಮಾ ಕಂಪನಿಗಳು ಮೂರೂ ಅಲ್ಲಿರುವುದರಿಂದ ಒಂದು ಕಡೆ ಕೆಲಸ ಕಡಿಮೆಯಾದರೂ ಬಾಡಿಗೆಗೆ ಬರುವವರು ಪೂರ್ತಿ ನಿಲ್ಲುವುದಿಲ್ಲ. ಆದರೆ ಬೆಳೆಯುವ ಊರೂ ಕೈಕೊಡಬಹುದು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಅಪಾರ್ಟ್‌ಮೆಂಟ್‌ಗಳನ್ನು ಒಂದೇ ಸಮನೆ ಕಟ್ಟಿದ್ದರಿಂದ, ಜನ ಬರುತ್ತಿದ್ದರೂ 2023ರಿಂದೀಚೆಗೆ ಬಾಡಿಗೆ ಇಳಿಯಿತು.

ಲೆಕ್ಕ ಹೆಚ್ಚಾಗಿ ಎಡವುವುದು ಆಸ್ತಿ ತೆರಿಗೆಯಲ್ಲಿ. ಮಾರಾಟದ ಜಾಹೀರಾತಿನಲ್ಲಿ ಕಾಣುವ ತೆರಿಗೆ ಮಾರುವವರು ಕಟ್ಟಿದ್ದು. ಅವರು ಆ ಮನೆಯಲ್ಲಿ ವಾಸವಿದ್ದವರಾದರೆ ಕೊಳ್ಳುವವರಿಗೆ ಬರುವ ಬಿಲ್ಲೇ ಬೇರೆ. ಇಂಡಿಯಾನಾದಲ್ಲಿ ವಾಸದ ಮನೆಯ ತೆರಿಗೆಗೆ ಮೌಲ್ಯದ ಶೇ 1ರ ಮಿತಿಯಿದೆ, ಬಾಡಿಗೆ ಮನೆಗೆ ಶೇ 2. ಮತದಾರರು ಒಪ್ಪಿದ ಶಾಲಾ ತೆರಿಗೆ ಈ ಮಿತಿಗೆ ಸೇರುವುದಿಲ್ಲ. 2 ಲಕ್ಷದ ಮನೆಯಲ್ಲಿ ಮಾಲೀಕನೇ ಇದ್ದಾಗ ಹೆಚ್ಚೆಂದರೆ 2,000 ಡಾಲರ್ ಇದ್ದ ತೆರಿಗೆ, ಬಾಡಿಗೆಗೆ ಕೊಟ್ಟ ಮೇಲೆ 4,000ದವರೆಗೆ ಏರಬಹುದು. ಬಾಡಿಗೆ 1,700 ಡಾಲರಾದರೆ ಈ ವ್ಯತ್ಯಾಸಕ್ಕೇ ಒಂದು ತಿಂಗಳಿಗೂ ಮಿಕ್ಕಿದ ಬಾಡಿಗೆ ಹೋಗುತ್ತದೆ. ಮಿಶಿಗನ್‌ನಲ್ಲಿ ವರ್ಷಗಳಿಂದ ಹಿಡಿದಿಟ್ಟ ತೆರಿಗೆ ಮೌಲ್ಯ ಮಾರಾಟದ ಮರುವರ್ಷ ಸಡಿಲಗೊಂಡು ಮೇಲೇರುತ್ತದೆ. ಟೆಕ್ಸಸ್‌ನಲ್ಲಿ 65 ದಾಟಿದ ಮಾಲೀಕರ ಶಾಲಾ ತೆರಿಗೆಗೆ ಮೇಲ್ಮಿತಿ ಇರುವುದರಿಂದ ಹಿರಿಯರು ಮಾರುವ ಮನೆಯ ಹಳೆಯ ಬಿಲ್ಲು ಬಹಳ ಕಡಿಮೆ ಕಾಣುತ್ತದೆ. ಊರೂರು ಹೋಲಿಸುವಾಗ ಕೌಂಟಿಯ ವೆಬ್‌ಸೈಟಿನಲ್ಲಿ ದರ ತೆಗೆದು, ಮಾರುವವರಿಗಿದ್ದ ವಿನಾಯಿತಿಗಳನ್ನೆಲ್ಲ ಬಿಟ್ಟು, ಕೊಳ್ಳುವ ಬೆಲೆಯ ಮೇಲೆ ತೆರಿಗೆ ಲೆಕ್ಕ ಹಾಕುವುದೊಂದೇ ನಂಬಬಹುದಾದ ದಾರಿ.

ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವೆಂದು ಅಲ್ಲಿ ಮನೆ ಕೊಳ್ಳುವವರೂ ಉಂಟು. ಆದರೆ ಕ್ಯಾಲಿಫೋರ್ನಿಯಾ ತನ್ನ ನಿವಾಸಿಗಳ ಆದಾಯ ಎಲ್ಲಿಂದ ಬಂದರೂ ತೆರಿಗೆ ಹಾಕುತ್ತದೆ. ಡಲ್ಲಾಸ್‌ನ ಬಾಡಿಗೆಯೂ ಅದಕ್ಕೆ ಹೊರತಲ್ಲ. ಆದಾಯ ತೆರಿಗೆ ಇಲ್ಲದ ಆ ರಾಜ್ಯ ಆಸ್ತಿ ತೆರಿಗೆಯನ್ನು ಬಿಗಿಯಾಗಿಯೇ ವಸೂಲು ಮಾಡುತ್ತದೆ ಎಂಬುದನ್ನೂ ಜೊತೆಗೇ ನೋಡಬೇಕು.

ನೆಲ ಮತ್ತು ಆಕಾಶದ ಖರ್ಚು ಬೇರೆ. ಡಲ್ಲಾಸ್ ಸುತ್ತಿನ ನೆಲ ಹುಬ್ಬಳ್ಳಿ–ಧಾರವಾಡ ಕಡೆಯ ಎರೆಮಣ್ಣಿನ ಹಾಗೆ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಚಿಲಕಕ್ಕೆ ಕೂರದ ಕದ ಕಂಡರೆ ತಳಪಾಯದ ತಜ್ಞರನ್ನು ಪ್ರತ್ಯೇಕವಾಗಿ ಕರೆಸುವುದು ಒಳಿತು. ಆಲಿಕಲ್ಲಿನ ಹಾನಿಗೆ ವಿಮೆಯಲ್ಲಿ ಮಾಲೀಕನ ಪಾಲನ್ನು ಅಲ್ಲಿ ಶೇಕಡಾ ಲೆಕ್ಕದಲ್ಲಿ ಹೇಳುವುದು ಸಾಮಾನ್ಯ: ಶೇ 2 ಎಂದರೆ, 3 ಲಕ್ಷಕ್ಕೆ ವಿಮೆ ಮಾಡಿಸಿದ ಮನೆಗೆ ಮೊದಲ 6,000 ಡಾಲರ್ ಕೈಯಿಂದ.

ಕೊನೆಯದು ಮನೆ ನೋಡಿಕೊಳ್ಳುವವರು. ಒಹಾಯೋದ ದೊಡ್ಡ ಕೌಂಟಿಗಳಲ್ಲಿ ಹೊರರಾಜ್ಯದ ಮಾಲೀಕರು ಸ್ಥಳೀಯ ಪ್ರತಿನಿಧಿಯನ್ನು ನೇಮಿಸಬೇಕೆಂದು ಕಾನೂನೇ ಹೇಳುತ್ತದೆ. ಬಾಡಿಗೆಯ ಶೇ 8ರಿಂದ 10, ಹೊಸ ಬಾಡಿಗೆದಾರರನ್ನು ತಂದಾಗ ಸುಮಾರು ಒಂದು ತಿಂಗಳ ಬಾಡಿಗೆ ಮ್ಯಾನೇಜರಿಗೆ ಹೋಗುತ್ತದೆ. ಇದನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದಿಡಬೇಕು. ಕೊಳ್ಳುವ ಮುಂಚೆಯೇ ಇಂಥ ಇಬ್ಬರು ಮೂವರಿಗೆ ಫೋನು ಮಾಡಿ, ಯಾವ ಜಿಪ್ ಕೋಡ್‌ಗಳ ಮನೆಗಳನ್ನು ಅವರು ವಹಿಸಿಕೊಳ್ಳುವುದಿಲ್ಲ, ಖಾಲಿಯಾದ ಮನೆ ಎಷ್ಟು ದಿನ ಖಾಲಿ ಇರುತ್ತದೆ ಎಂದು ಕೇಳಿದರೆ, ಮಾರಾಟದ ಏಜೆಂಟರು ಬಾಯಿ ಬಿಡದ ಸಂಗತಿಗಳು ಸಿಗುತ್ತವೆ.