ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಮಾರುವವರಿಗೆ ಕಿವಿಮಾತು

ವಾಟ್ಸಾಪಿನಲ್ಲೋ ಮೀಶೋದಲ್ಲೋ ಸೀರೆ, ಚಟ್ನಿಪುಡಿ, ಚನ್ನಪಟ್ಟಣದ ಗೊಂಬೆ ಮಾರುವ ನಮ್ಮ ಹೆಣ್ಣುಮಕ್ಕಳು ಲೆಕ್ಕದಲ್ಲಿ ಜಾಣೆಯರೇ. ಆದರೆ ಹಬ್ಬದ ಆರ್ಡರು ಮೈಮೇಲೆ ಬಿದ್ದಾಗ ಒಂದೊಂದು ಮರೆತುಹೋಗುತ್ತದೆ. ಆ ಮರೆವಿಗೇ ಕಾದು ಕೂತವರೂ ಇದ್ದಾರೆ. ಅದಕ್ಕೇ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

• ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಟ್ಟಬೇಡಿ. ಅದು ಬರೀ ಚಿತ್ರ. ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ಜಮೆ ನೋಡಿ. "ಸರ್ವರ್ ಡೌನ್ ಆಂಟಿ, ಸಂಜೆಗೆ ಬರುತ್ತೆ" ಅಂದರೆ ಪಾರ್ಸೆಲೂ ಸಂಜೆಗೇ ಹೋಗಲಿ.

• ದುಡ್ಡು ಪಡೆಯಲು ಯುಪಿಐ ಪಿನ್ ಬೇಕಿಲ್ಲ. "ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ" ಅಂದವರ ಫೋನ್ ಇಟ್ಟುಬಿಡಿ. ಮಿಲಿಟರಿಯ ಗುರುತಿನ ಚೀಟಿ ಕಳಿಸಿದರೂ ಕರಗಬೇಡಿ. ಹಳೇ ಸೋಫಾ ಮಾರುವವರನ್ನು ಬೋಳಿಸುವುದೂ ಅದೇ ಫೋಟೊ ತೋರಿಸಿ.

• "500ರ ಬದಲು 5,000 ಹಾಕಿಬಿಟ್ಟೆ, ಉಳಿದದ್ದನ್ನು ಇನ್ನೊಂದು ನಂಬರಿಗೆ ಹಾಕಿ" ಅಂದರೆ ಅವಸರ ಬೇಡ. ಮೆಸೇಜೇ ಸುಳ್ಳಿರಬಹುದು. ನಿಜಕ್ಕೂ ಬಂದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಿಸಿ. ಕಾರ್ಡಿನಲ್ಲಿ ಕೊಟ್ಟಿದ್ದಕ್ಕೆ ನಗದು ವಾಪಸ್ ಕೊಟ್ಟಿರೋ, ನಾಳೆ ಬ್ಯಾಂಕಿನಲ್ಲೂ ದೂರು ಕೊಟ್ಟು ಇನ್ನೊಂದು ಸಲ ವಸೂಲಿ ಮಾಡುತ್ತಾರೆ.

• ಪ್ಯಾಕ್ ಮಾಡುವಾಗ ವಿಡಿಯೊ ಮಾಡಿ, ಎಲ್ಲೂ ಕತ್ತರಿಸದೆ. ಸೀರೆ ಬಿಚ್ಚಿ ಸೆರಗು, ಒಡಲು ತೋರಿಸಿ, ಮಡಿಸಿ, ಲೇಬಲ್ಲಿನ ಆರ್ಡರ್ ನಂಬರ್ ಕಾಣುವಂತೆ ಟೇಪ್ ಹಚ್ಚಿ, ತಕ್ಕಡಿಯ ಮೇಲಿಡಿ. ಕೊರಿಯರ್ ಚೀಟಿಯಲ್ಲೂ ತೂಕ ಬರೆಸಿ. "ಖಾಲಿ ಡಬ್ಬ ಬಂತು" ಅನ್ನುವವರಿಗೆ ಇದೇ ಉತ್ತರ. ಜಗಳ ಶುರುವಾದ ಮೇಲೆ ಸಾಕ್ಷಿ ಹುಡುಕಿದರೆ ಸಿಗುವುದಿಲ್ಲ.

• ವಾಪಸ್ ಬಂದ ಪೆಟ್ಟಿಗೆಯನ್ನೂ ವಿಡಿಯೊ ಮಾಡುತ್ತಲೇ ತೆರೆಯಿರಿ. ಒಳಗೆ ಹಳೇ ನೈಟಿ ಇರಬಹುದು! ಹಬ್ಬ ಮುಗಿಯಲಿ ಅಂತ ಮಂಚದಡಿ ತಳ್ಳಬೇಡಿ. ಕ್ಲೇಮ್ ಹಾಕಲು ಕಂಪನಿಗಳು ಕೊಡುವುದು ಕೆಲವೇ ದಿನ.

• ರೇಷ್ಮೆ ಸೀರೆಗೆ ಎದ್ದು ಕಾಣುವ ಕಡೆ ಟ್ಯಾಗ್ ಹೊಲಿಯಿರಿ, ಕಿತ್ತರೆ ವಾಪಸಿಲ್ಲ ಅಂತ ಬಿಲ್ಲಿನಲ್ಲೇ ಬರೆಯಿರಿ. ಉಟ್ಟು, ಮದುವೆ ಮುಗಿಸಿ, ಫೋಟೊ ತೆಗೆಸಿಕೊಂಡು "ಬಣ್ಣ ಹಿಡಿಸಲಿಲ್ಲ" ಅನ್ನುವವರಿದ್ದಾರೆ. ಸೆರಗಿನ ಅರಿಸಿನದ ಕಲೆ ಯಾರದು ಅಂತ ವಾದಿಸುವುದಕ್ಕಿಂತ ಟ್ಯಾಗ್ ಅಗ್ಗ.

• ಹೊರದೇಶಕ್ಕೆ ಕಳಿಸುವವರು ಇನ್ನೂ ಹುಷಾರಾಗಿರಿ. ನಮ್ಮ ಕಾರ್ಡಿಗೆ ಒಟಿಪಿ ಕೇಳಿದಂತೆ ಅಲ್ಲಿನ ಎಲ್ಲ ಕಾರ್ಡಿಗೂ ಕೇಳುವುದಿಲ್ಲ, ಹಾಗಾಗಿ ಕದ್ದ ಕಾರ್ಡೂ ನಡೆದುಬಿಡುತ್ತದೆ. ದುಡ್ಡು ಕೊಟ್ಟಾಗಿನ ವಿಳಾಸಕ್ಕೇ ಕಳಿಸಿ. "ಅಕ್ಕನ ಮನೆಗೆ ಕಳಿಸಿಬಿಡಿ" ಅಂದರೆ ಆರ್ಡರ್ ರದ್ದು ಮಾಡಿ, ಹೊಸದಾಗಿ ಹಾಕಿಸಿ. ಪೇಪಾಲ್‌ನಲ್ಲಿ ವಿಳಾಸ ಬದಲಾಯಿಸಿದರೆ ಮಾರಾಟಗಾರರಿಗಿರುವ ರಕ್ಷಣೆಯೇ ಹೋಗುತ್ತದೆ. ಅಲ್ಲಿ ಕೊಂಡವರು 180 ದಿನದವರೆಗೂ ತಕರಾರು ತೆಗೆಯಬಹುದು, ಆದ್ದರಿಂದ ಫೋನ್ ತುಂಬಿತು ಅಂತ ವಿಡಿಯೊ ಅಳಿಸಬೇಡಿ. ಒಂದು ಪೆನ್‌ಡ್ರೈವ್ ಕೊಂಡಿಡಿ.

• ಚಾರ್ಜ್‌ಬ್ಯಾಕ್, ಅಂದರೆ ಗಿರಾಕಿ ಬ್ಯಾಂಕಿಗೆ ದೂರು ಕೊಟ್ಟು ದುಡ್ಡು ವಾಪಸ್ ಕೇಳಿದ ಇಮೇಲ್ ಬಂದರೆ ಹೆದರಿ ಮುಚ್ಚಿಡಬೇಡಿ. ಗಡುವು ದಾಟಿದರೆ ಸತ್ಯ ನಿಮ್ಮ ಕಡೆ ಇದ್ದರೂ ದುಡ್ಡು ಅವರ ಕಡೆ. ಬಿಲ್ಲು, ಟ್ರ್ಯಾಕಿಂಗ್, ಡೆಲಿವರಿ ಆದ ಪುರಾವೆ, ಚಾಟು, ಇಷ್ಟನ್ನೇ ತಾರೀಖಿನ ಪ್ರಕಾರ ಜೋಡಿಸಿ ಕಳಿಸಿ. ಗೋಳು ಬರೆಯಬೇಡಿ, ಬ್ಯಾಂಕಿನವರು ಓದುವುದಿಲ್ಲ. ಗಿರಾಕಿಗೂ ಒಂದು ಫೋನ್ ಮಾಡಿ. ಎಷ್ಟೋ ಸಲ ಮಗಳು ಕೊಂಡಿರುತ್ತಾಳೆ, ಸ್ಟೇಟ್‌ಮೆಂಟಿನಲ್ಲಿ ಗುರುತಿಲ್ಲದ ಹೆಸರು ನೋಡಿ ಅಪ್ಪ ದೂರು ಕೊಟ್ಟಿರುತ್ತಾನೆ. ಪೇಮೆಂಟ್ ಗೇಟ್‌ವೇಯಲ್ಲಿ ನಿಮ್ಮ ಅಂಗಡಿಯ ಹೆಸರೇ ಕಾಣುವ ಹಾಗೆ ಮಾಡಿಸಿ.

• ತಪ್ಪು ನಿಮ್ಮದೇ ಆಗಿದ್ದರೆ ಮೊದಲೇ ದುಡ್ಡು ವಾಪಸ್ ಮಾಡಿ. ತಕರಾರು ಬ್ಯಾಂಕಿಗೆ ಹೋದ ಮೇಲೆ ಅದರ ಶುಲ್ಕವೂ ನಿಮ್ಮ ತಲೆಗೇ ಬೀಳಬಹುದು.

• ಕ್ಯಾಶ್ ಆನ್ ಡೆಲಿವರಿ ಆದರೆ ಕಳಿಸುವ ಮುಂಚೆ ಫೋನ್ ಮಾಡಿ. ತಮಾಷೆಗೆ ಆರ್ಡರ್ ಹಾಕುವ ಹುಡುಗರಿದ್ದಾರೆ, ಹೋಗಿ ಬರುವ ಕೊರಿಯರ್ ಖರ್ಚು ನಿಮ್ಮದು.

• ಮೋಸ ಆಗಿಯೇಹೋದರೆ ಮನೆಯವರು ಬೈದಾರು ಅಂತ ರಾತ್ರಿಯೆಲ್ಲ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಹಣ ಮುಂದಿನ ಖಾತೆಗೆ ಜಾರುವ ಮುಂಚೆ ತಡೆಹಿಡಿಸಲು ಅವಕಾಶವಿರುತ್ತದೆ. ಹಣ ಹೋದ ವಹಿವಾಟಿನ ಯುಟಿಆರ್ ನಂಬರ್ ಬರೆದು ಎದುರಿಗಿಟ್ಟುಕೊಂಡೇ ಕರೆ ಮಾಡಿ, ಅವರು ಅದನ್ನೇ ಕೇಳುತ್ತಾರೆ.