ಕಾರಿನ ಹೊಗೆಯಲ್ಲಿ ಗಂಧಕ: ಅಳೆಯುವ ಬಗೆ ಮತ್ತು ನಮಗಿರುವ ಪಾಠ



ಗಂಧಕ ನಮಗೆ ಹೊಸದಲ್ಲ. ಸೋಯಾಬೀನ್, ಶೇಂಗಾ ಬೆಳೆಗೆ ಅದು ಬೇಕೇ ಬೇಕು. 50 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್ ಚೀಲದಲ್ಲಿ ಸುಮಾರು ಐದೂವರೆ ಕಿಲೋ ಗಂಧಕವು ಸಲ್ಫೇಟ್ ರೂಪದಲ್ಲಿರುತ್ತದೆ. ಆದರೆ ಬೇರಿಗೆ ಹಿತವಾದದ್ದು ಶ್ವಾಸಕೋಶಕ್ಕೆ ಹಿತವಲ್ಲ. ಅದೇ ಗಂಧಕ ವಾಹನದ ಹೊಗೆಯಲ್ಲಿ ಗಂಧಕಾಮ್ಲದ ಸೂಕ್ಷ್ಮ ಹನಿಗಳಾಗಿ ಬಂದರೆ ದಮ್ಮಿನ ರೋಗಿಗಳಿಗೆ, ಮಕ್ಕಳಿಗೆ, ವೃದ್ಧರಿಗೆ ತೊಂದರೆ. ಜಳಕೋಟ, ನಿಲಂಗಾ, ಉದಗೀರ ಭಾಗದಲ್ಲಿ ಈಗ ಅನೇಕ ರೈತರ ಮನೆ ಮುಂದೆ ಕಾರು ನಿಂತಿದೆ. ಉಮರಗಾದ ಮೂಲಕ ಹೈದರಾಬಾದ್ ಹೆದ್ದಾರಿಯೇ ಹಾದುಹೋಗುತ್ತದೆ. ಆದ್ದರಿಂದ ಇದನ್ನು ತಿಳಿಯುವುದು ಒಳ್ಳೆಯದು.

ಸಲ್ಫೇಟ್ ಹುಟ್ಟುವುದು ಹೇಗೆ?

ಕಾರಿನ ಹೊಗೆ ಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇರುತ್ತದೆ. ಅದರೊಳಗಿನ ಪ್ಲಾಟಿನಂ ಮುಂತಾದ ಲೋಹಗಳು ಕಾರ್ಬನ್ ಮಾನಾಕ್ಸೈಡ್‌ನಂತಹ ವಿಷಾನಿಲವನ್ನು ನಿರಪಾಯಗೊಳಿಸುತ್ತವೆ. ನಮ್ಮ ದೇಶದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಆದರೆ ಇಂಧನದಲ್ಲಿ ಗಂಧಕವಿದ್ದರೆ, ಅದು ಉರಿದು ಬರುವ ಅನಿಲವನ್ನು ಇದೇ ಪ್ಲಾಟಿನಂ ಇನ್ನಷ್ಟು ಆಮ್ಲಜನಕದೊಡನೆ ಸೇರಿಸುತ್ತದೆ. ಅದಕ್ಕೆ ನೀರಾವಿ ಕೂಡಿದರೆ ಗಂಧಕಾಮ್ಲ.

ಅಳೆಯುವುದು ಹೇಗೆ?

ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿತ ವೇಗಗಳಲ್ಲಿ ಓಡಿಸುತ್ತಾರೆ. ಹೊಗೆಯನ್ನು ಉದ್ದನೆಯ ಕೊಳವೆಯಲ್ಲಿ ಶುದ್ಧ ಗಾಳಿಯೊಡನೆ ಬೆರೆಸಿ ತಣಿಸುತ್ತಾರೆ. ಅದರ ಒಂದು ಪಾಲನ್ನು ಸೋಸು ಹಾಳೆಯ ಮೂಲಕ ಎಳೆದಾಗ ಆಮ್ಲದ ಹನಿಗಳು ಹಾಳೆಗೆ ಅಂಟುತ್ತವೆ. ಹಾಳೆಯನ್ನು ನೀರಿನಲ್ಲಿ ಅದ್ದಿ, ಆ ನೀರಿನಲ್ಲಿರುವ ಸಲ್ಫೇಟನ್ನು ಪ್ರಯೋಗಶಾಲೆಯಲ್ಲಿ ಅಳೆಯುತ್ತಾರೆ. ಬೇರಿಯಂ ಲವಣ ಹಾಕಿದರೆ ಬಿಳಿ ಗಸಿ ಇಳಿಯುವುದು ಹಳೆಯ ವಿಧಾನ. ಒಂದು ತೊಡಕುಂಟು: ನಿಧಾನವಾಗಿ ಓಡುವಾಗ ಡಬ್ಬಿ ಸಲ್ಫೇಟನ್ನು ಹಿಡಿದಿಟ್ಟುಕೊಂಡು, ವೇಗ ಹೆಚ್ಚಿ ಕಾದಾಗ ಹೊರಬಿಡುತ್ತದೆ. ಹೀಗಾಗಿ ಪರೀಕ್ಷೆಗೆ ಮೊದಲೇ ಕಾರನ್ನು ಒಂದು ಕ್ರಮದಲ್ಲಿ ಓಡಿಸಿ ಸಿದ್ಧಗೊಳಿಸಬೇಕು.

1975ರಲ್ಲಿ ಅಮೆರಿಕದಲ್ಲಿ ಕನ್ವರ್ಟರ್ ಬಂದಾಗ ಆಮ್ಲದ ಮಂಜು ಹೆದ್ದಾರಿಗಳನ್ನು ಮುತ್ತೀತೆಂದು ಭಯವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಜನರಲ್ ಮೋಟರ್ಸ್ ಕಂಪನಿ ಮಿಶಿಗನ್‌ನ ತನ್ನ ಪರೀಕ್ಷಾ ರಸ್ತೆಯಲ್ಲಿ 352 ಕಾರುಗಳನ್ನು ಒಟ್ಟಿಗೆ ಓಡಿಸಿ, ಬದಿಯ ಗಾಳಿಯನ್ನು ಅಳೆಯಿತು. ಸಲ್ಫೇಟ್ ಅಂದಾಜಿಗಿಂತ ಬಹಳ ಕಡಿಮೆ ಇತ್ತು. ಕನ್ವರ್ಟರ್ ಉಳಿಯಿತು. ಅಳೆಯದೆ ತೀರ್ಪು ಕೊಡಬಾರದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಮೂಲ ಮದ್ದು ಇಂಧನದಲ್ಲಿದೆ

ಬೀಜ ಕೆಟ್ಟಿದ್ದರೆ ಕೂರಿಗೆಯನ್ನು ಬೈದು ಫಲವಿಲ್ಲ. ಗಂಧಕ ಬರುವುದು ಇಂಧನದಿಂದಲೇ. ಭಾರತ್ ಸ್ಟೇಜ್ 4ರ ಪ್ರಕಾರ 2017ರಿಂದ ದೇಶವೆಲ್ಲ ಪೆಟ್ರೋಲ್, ಡೀಸೆಲ್‌ಗಳಲ್ಲಿ ಕಿಲೋಗೆ 50 ಮಿಲಿಗ್ರಾಂ ಗಂಧಕದ ಮಿತಿಯಿತ್ತು. 2020ರ ಏಪ್ರಿಲ್ 1ರಿಂದ ಸ್ಟೇಜ್ 6 ಬಂದು ಅದು 10 ಮಿಲಿಗ್ರಾಂಗೆ ಇಳಿಯಿತು. ಆದರೆ ಬೆರಕೆ ಮಾಡಿದರೆ ಈ ಲಾಭವೆಲ್ಲ ವ್ಯರ್ಥ.

ನಾವು ಮಾಡಬೇಕಾದದ್ದು

1. ಪೆಟ್ರೋಲ್, ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಬೇಡಿ. ಅದರಲ್ಲಿ ಗಂಧಕ ಹೆಚ್ಚು. ಅಗ್ಗವೆಂದು ಬಿಡಿಯಾಗಿ ಮಾರುವ ಇಂಧನವನ್ನೂ ಕೊಳ್ಳಬೇಡಿ.

2. ಪಿಯುಸಿ ಚೀಟಿ ತಪ್ಪದೆ ಮಾಡಿಸಿ. ಆದರೆ ಆ ಪರೀಕ್ಷೆ ಪೆಟ್ರೋಲ್ ಕಾರಿನ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್‌ಗಳನ್ನೂ ಡೀಸೆಲ್ ಗಾಡಿಯ ಹೊಗೆಯ ದಟ್ಟತೆಯನ್ನೂ ನೋಡುತ್ತದೆಯೇ ಹೊರತು ಸಲ್ಫೇಟನ್ನಲ್ಲ. ಚೀಟಿ ಇದೆಯೆಂದು ಬೆರಕೆ ಇಂಧನ ಹಾಕಿದರೆ ನಡೆಯದು.

3. ಹಳೆಯ ಕಾರು ಕೊಳ್ಳುವಾಗ ಕನ್ವರ್ಟರ್ ಇದೆಯೇ ಎಂದು ತಿಳಿದ ಮೇಸ್ತ್ರಿಯಿಂದ ನೋಡಿಸಿ. ಎಳೆತ ಹೆಚ್ಚುತ್ತದೆಂದು ಯಾರಾದರೂ ಹೇಳಿದರೂ ಅದನ್ನು ತೆಗೆಸಬೇಡಿ.

4. ಓಡಿ ಬಂದ ಕಾರಿನ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತದೆ. ರಾಶಿಯ ದಿನಗಳಲ್ಲಿ ಒಣ ಕಣಿಕೆ, ಹೊಟ್ಟಿನ ಮೇಲೆ ಕಾರು ನಿಲ್ಲಿಸಬೇಡಿ. ಬಣವೆಗೆ ಬೆಂಕಿ ಬಿದ್ದರೆ ದನಗಳ ವರ್ಷದ ಮೇವು ಹೋದಂತೆ.

ಜಗದ್ಗುರು ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ವಾಹನಗಳ ಹೊಗೆಯನ್ನೂ ಮಣ್ಣು ನೀರುಗಳ ಆಮ್ಲೀಯತೆಯನ್ನೂ ಹೆಸರಿಸಿ, ಅದರ ಪೆಟ್ಟು ಬಡವರಿಗೇ ಹೆಚ್ಚೆಂದು ನೆನಪಿಸಿದರು. ನಮ್ಮ ಗಾಡಿಯ ಹೊಗೆಯನ್ನು ಮೊದಲು ಉಸಿರಾಡುವವರು ರಸ್ತೆ ಬದಿ ನಡೆದುಹೋಗುವ ಕೂಲಿಯವರು, ಶಾಲೆಗೆ ಹೋಗುವ ಮಕ್ಕಳು. ನೆರೆಯವರನ್ನು ಪ್ರೀತಿಸುವ ಆಜ್ಞೆ ಪೆಟ್ರೋಲ್ ಪಂಪಿನಲ್ಲೂ ಅನ್ವಯಿಸುತ್ತದೆ.